ನಾನು ಕುಡಿದಿದ್ದೆ, ಅವನು ಕುಡಿದಿರಲಿಲ್ಲ

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯಲ್ಲಿ ನಾವು ನಾಲ್ವರು ಸಿಕ್ಕಿಬಿದ್ದಾಗ ನನಗೆ 19. ಮೂವರ ಕೈಯಲ್ಲಿ ಬಿಯರ್ ಬಾಟಲಿ. ನಾಲ್ಕನೆಯವನು ವಾಪಸ್ ಬೈಕ್ ಓಡಿಸಬೇಕು ಅಂತ ಬರೀ ಚುರುಮುರಿ ತಿನ್ನುತ್ತಾ ಕೂತಿದ್ದ. ಕೇಸಿನಲ್ಲಿ ಮಾತ್ರ ನಾಲ್ವರ ಹೆಸರೂ ಒಂದೇ ಸಾಲಿಗೆ ಬಿತ್ತು: ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ, ಕರ್ನಾಟಕ ಅಬಕಾರಿ ಕಾಯ್ದೆ ಕಲಂ 15(ಎ), 32(3).

ಇಪ್ಪತ್ತೊಂದು ಆಗದೆ ಕುಡಿದದ್ದಕ್ಕೇ ಕೇಸು ಅಂತ ಮನೆಯವರೆಲ್ಲ ನಂಬಿದ್ದರು, ನಾನೂ ನಂಬಿದ್ದೆ. ವಕೀಲರು ಮೊದಲು ಬಿಡಿಸಿದ ಗಂಟು ಅದೇ. 21 ತುಂಬದವರಿಗೆ ಮದ್ಯ ಮಾರಬಾರದು ಅನ್ನುವುದು 1967ರ ಪರವಾನಗಿ ನಿಯಮ, ಅದು ಕಟ್ಟಿಹಾಕುವುದು ಅಂಗಡಿಯವನನ್ನು. ನಮ್ಮ ಮೇಲಿದ್ದದ್ದು ಕುಡಿದ ಜಾಗದ ಕೇಸು. 18 ತುಂಬಿರದಿದ್ದರೆ ಬಾಲ ನ್ಯಾಯ ಮಂಡಳಿಗೆ ಹೋಗುತ್ತಿತ್ತು. ನಮಗೆ ತುಂಬಿತ್ತು, ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಮನ್ಸ್ ಬಂತು.

"ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟು, ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀಯ." ಕೋರ್ಟಿನ ಜಗುಲಿಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಕಬ್ಬು ಕಡಿಯುವ ಕಾಲ, ಅಪ್ಪನಿಗೂ ಬೇಗ ಮುಗಿದರೆ ಸಾಕಿತ್ತು. ಆದರೆ ನನಗೆ ಪಿಎಸ್‌ಐ ಪರೀಕ್ಷೆ ಬರೆಯುವ ಆಸೆ. ದಂಡ ಎಷ್ಟೇ ಚಿಕ್ಕದಿರಲಿ, ಒಪ್ಪಿಕೊಂಡರೆ ಅದು ಶಿಕ್ಷೆಯ ತೀರ್ಪೇ. ಆಮೇಲೆ ಮೇಲ್ಮನವಿ ಅಂತ ಹೋದರೂ ಶಿಕ್ಷೆ ಹೆಚ್ಚಾಯಿತು, ಕಾನೂನಿಗೆ ಹೊಂದುವುದಿಲ್ಲ ಅಂತ ಕೇಳಬಹುದೇ ಹೊರತು ತಪ್ಪೇ ಮಾಡಿಲ್ಲ ಅನ್ನಲಾಗದು. ತಪ್ಪು ಮಾಡಿಲ್ಲ ಅಂದರೆ ವಿಚಾರಣೆ, ವಾಯಿದೆ ಮೇಲೆ ವಾಯಿದೆ. ಇಲ್ಲ ಅನ್ನುವುದು ಸುಳ್ಳು ಹೇಳಿದಂತಲ್ಲ, ಸಾಬೀತು ಮಾಡಿ ಅಂತ ಕೇಳುವ ಹಕ್ಕು ಎಂದೂ ವಕೀಲರು ತಿಳಿಸಿ ಹೇಳಿದರು.

ನನಗೆ ನಿದ್ದೆ ಕೆಡಿಸಿದ್ದು ನಾಲ್ಕನೆಯವನ ಹೆಸರು. "ಎಲ್ರೂ ಒಟ್ಟಿಗೆ ಒಪ್ಕೊಳ್ಳಿ, ಒಂದೇ ದಿನಕ್ಕೆ ಮುಗೀತದೆ" ಅಂದವರಿಗೆ ಅವನು ಕುಡಿದಿರಲಿಲ್ಲ ಅನ್ನುವುದು ಲೆಕ್ಕಕ್ಕೇ ಇರಲಿಲ್ಲ. ಅವನೂ ಸುಸ್ತಾಗಿ "ಹೋಗ್ಲಿ ಬುಡ್ಲಾ, ಒಪ್ಕೊಂಡ್ಬುಡ್ತೀನಿ" ಅಂದ. ಆವತ್ತು ಅವನ ಮೇಲೆ ರೇಗಿದೆ. ಮಾಡದ ತಪ್ಪನ್ನು ಬಸ್‌ಚಾರ್ಜ್ ಉಳಿಸಲು ಒಪ್ಪಿಕೊಳ್ಳುವುದು ನನಗೆ ಈಗಲೂ ಸಹಿಸದು.

ವಕೀಲರಿಂದ ಎರಡು ವಿಷಯ ತಿಳಿದ ಮೇಲೆ ನನ್ನ ದಾರಿ ಕಂಡಿತು. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 275ನೇ ಕಲಂ ಪ್ರಕಾರ, ಆರೋಪಿ ಒಪ್ಪಿಕೊಂಡರೆ ಅದನ್ನು ಆದಷ್ಟೂ ಅವನ ಮಾತಿನಲ್ಲೇ ಬರೆದುಕೊಳ್ಳಬೇಕು. ಅಂದರೆ ನಾನು ನನ್ನಷ್ಟಕ್ಕೆ ಮಾತ್ರ ಒಪ್ಪಬಹುದು. ಇನ್ನೊಂದು, ನನ್ನ ಕೇಸು ಬೇರೆಯಾಗಿ ಇತ್ಯರ್ಥವಾದರೆ ನಾನು ನಾಲ್ಕನೆಯವನ ಜೊತೆಯ ಆರೋಪಿಯಾಗಿ ಉಳಿಯುವುದಿಲ್ಲ, ಅವನ ಪರ ಸಾಕ್ಷಿ ಹೇಳಬಹುದು.

ಆ ದಿನ ಕಟಕಟೆಯಲ್ಲಿ ಬಾಯಿ ಒಣಗಿತ್ತು. "ಸ್ವಾಮಿ, ನಾನು ಹೊಳೆದಂಡೇಲಿ ಬಿಯರ್ ಕುಡಿದದ್ದು ನಿಜ. ನನ್ನ ಮಾತು ಇಷ್ಟೇ" ಅಂದೆ. ವಯಸ್ಸು, ಹಿಂದೆ ಯಾವ ಕೇಸೂ ಇಲ್ಲದ್ದು ನೋಡಿ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 3ನೇ ಕಲಂ ಅಡಿ ಎಚ್ಚರಿಕೆ ಕೊಟ್ಟು ಬಿಡಬೇಕೆಂದು ವಕೀಲರು ಕೇಳಿಕೊಂಡರು. ಕೋರ್ಟು ಒಪ್ಪಿತು. ಅದೇ ಕಾಯ್ದೆಯ 12ನೇ ಕಲಂ ಪ್ರಕಾರ ಇಂಥ ತೀರ್ಪಿನಿಂದ ಅನರ್ಹತೆ ಅಂಟುವುದಿಲ್ಲ. ಹಾಗಂತ ಮುಚ್ಚಿಡುವ ಹಾಗಿಲ್ಲ. ಅರ್ಜಿಯಲ್ಲಿ ಕೇಳಿದ ಕಡೆಯೆಲ್ಲ ಬರೆಯುತ್ತೇನೆ, ಆದೇಶದ ದೃಢೀಕೃತ ನಕಲನ್ನೂ ಲಗತ್ತಿಸುತ್ತೇನೆ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಉದ್ಯೋಗಕ್ಕೆ ಕೊಡುವ ಮಾಹಿತಿ ಸತ್ಯವಾಗಿರಬೇಕು ಅಂದಿದೆ. ನಿಜ ಹೇಳಿದವನನ್ನೂ ನೇಮಿಸಿಕೊಳ್ಳಲೇಬೇಕೆಂದಿಲ್ಲ, ಅದೂ ಗೊತ್ತಿದೆ.

ನಾಲ್ಕನೆಯವನು ಕೊನೆಗೆ ತಪ್ಪೊಪ್ಪದೆ ಇಲ್ಲ ಅಂದ. ಅವನ ವಾಯಿದೆ ಇದ್ದ ದಿನವೆಲ್ಲ ನಾನೂ ಜೊತೆಗೆ ಬಸ್ಸು ಹತ್ತಿದೆ. ಕೊನೆಗೆ ಪ್ರಮಾಣ ಮಾಡಿ ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಸರ್ಕಾರಿ ವಕೀಲರು, "ನೀನೇ ಕುಡಿದಿದ್ದೆ ಅಂತ ಒಪ್ಪಿಕೊಂಡವನಲ್ಲವಾ?" ಅಂದರು. ಹೌದು, ಅದಕ್ಕೇ ಯಾರು ಕುಡಿದಿರಲಿಲ್ಲ ಅನ್ನುವುದೂ ನನಗೆ ಗೊತ್ತು, ಅಂದೆ.