ಮರುವಾಯಿ ಚಿಪ್ಪು ಸುಟ್ಟು ಶೇಡಿ ಮಣ್ಣು ಗಟ್ಟಿ ಮಾಡಿದ ಅನುಭವ

ಉಡುಪಿ ಕಡೆ ಮನೆ ಕಟ್ಟಿಸಿದವರಿಗೆ ಶೇಡಿ ಮಣ್ಣಿನ ಕಾಟ ಗೊತ್ತು. ಮೇಲಿನ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಕಡಿದರೆ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು. ಒಣಗಿದ್ದಾಗ ಗಟ್ಟಿ, ಮಳೆ ನೀರು ಕುಡಿದರೆ ಎಲ್ಲಾ ಸಡಿಲ.

ಉದ್ಯಾವರದ ಹತ್ತಿರ ಒಂದು ಮನೆಯ ಅಂಗಳ ಮತ್ತು ಗಾಡಿ ದಾರಿಗೆ ನಾನು ಮರುವಾಯಿ, ಅಂದರೆ ಹೊಳೆಯಲ್ಲಿ ಸಿಗುವ ಚಿಪ್ಪುಜೀವಿಯ ಚಿಪ್ಪು ಬಳಸಿದೆ. ಹೊಳೆಬದಿಯಲ್ಲಿ ಮಾಂಸ ತೆಗೆದ ಮೇಲೆ ಚಿಪ್ಪು ಸುಮ್ನೆ ರಾಶಿ ಬಿದ್ದಿರುತ್ತದೆ. ಒಂದು ಮಳೆಗಾಲ ಹೊರಗೇ ಬಿಟ್ಟರೆ ಉಪ್ಪು ಮತ್ತು ವಾಸನೆ ಎರಡೂ ತುಂಬಾ ಇಳಿಯುತ್ತವೆ.

ಚಿಪ್ಪಿನಲ್ಲಿ ಶೇ. 90ಕ್ಕಿಂತ ಜಾಸ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಹಾಗಂತ ಹಸಿ ಚಿಪ್ಪನ್ನೇ ಪುಡಿ ಮಾಡಿ ಬೆರೆಸಿದರೆ ಅದು ಹೆಚ್ಚುಕಡಿಮೆ ಮರಳಿನ ಕೆಲಸ ಮಾಡುತ್ತದೆ, ಅಷ್ಟೇ. ಜೇಡಿಯ ಜೊತೆ ಹಿಡಿಯಬೇಕಾದರೆ ಸುಡಲೇಬೇಕು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ, ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ, ವೀಳ್ಯದೆಲೆಗೆ ಅಂತ ನಮ್ಮ ಸುಣ್ಣದ ಭಟ್ಟಿಯವರು ಹಿಂದಿನಿಂದ ಮಾಡಿಕೊಂಡು ಬಂದದ್ದೂ ಇದನ್ನೇ ಅಲ್ವಾ? ನಾನೂ ಭಟ್ಟಿಗೇ ಕೊಟ್ಟು ಸುಡಿಸಿದೆ.

ಎಷ್ಟು ಸುಣ್ಣ ಬೇಕು ಅನ್ನುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ಲ್ಯಾಬಿನಲ್ಲಿ ಮಣ್ಣಿಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಸುಣ್ಣ ಕಲಸಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) 12.4 ಮುಟ್ಟುವ ಅತಿ ಕಡಿಮೆ ಪ್ರಮಾಣ ನೋಡುತ್ತಾರೆ. ನಮ್ಮ ಮಣ್ಣಿಗೆ ಒಣ ತೂಕದ ಶೇ. 6 ಹಾಕಿದೆವು. ಅರಳಿದ ಸುಣ್ಣವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ, ಗಾಳಿ ತಾಗಿದರೆ ಅದು ಮತ್ತೆ ಕಾರ್ಬೊನೇಟ್ ಆಗಿ ಸತ್ವ ಕಳೆದುಕೊಳ್ಳುತ್ತದೆ. ಕಲಸುವವರಿಗೆ ಕನ್ನಡಕ, ಕೈಗವಸು ಬೇಕೇ ಬೇಕು, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಕಲಸಿದ ಮಣ್ಣನ್ನು ಒದ್ದೆಯಾಗಿಯೇ ರಾತ್ರಿ ಮುಚ್ಚಿಟ್ಟೆವು. ಬೆಳಿಗ್ಗೆ ಅಂಟು ಹೋಗಿ ಅವಲಕ್ಕಿಯ ಹಾಗೆ ಉದುರುದುರಾಗಿತ್ತು. ಜೇಡಿಯ ಕಣಗಳು ಸುಣ್ಣದಿಂದ ಗುಂಪುಗೂಡುವುದರಿಂದ ಹೀಗಾಗುತ್ತದೆ. ನಿಜವಾದ ಬಲ ಬರುವುದು ಆಮೇಲೆ, ಮಣ್ಣಿನ ಸಿಲಿಕಾ, ಅಲ್ಯೂಮಿನಾ ಜೊತೆ ಸುಣ್ಣ ನಿಧಾನಕ್ಕೆ ಸೇರುತ್ತಾ ಹೋದಾಗ, ಅದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಜನವರಿ, ಫೆಬ್ರವರಿಯಲ್ಲೇ ಪದರ ಪದರವಾಗಿ ರೋಲರ್ ಹೊಡೆಸಿ ಒದ್ದೆ ಗೋಣಿ ಹೊದಿಸಿ. ಮೇ ತಿಂಗಳಲ್ಲಿ ಶುರು ಮಾಡಿದರೆ ಪ್ರಯೋಜನ ಇಲ್ಲ.

ಸುಡದೆ ಉಳಿದ ಚಿಪ್ಪನ್ನು ಒಡೆದು ದಾರಿಯ ಬದಿಯ ಚರಂಡಿಗೆ ತುಂಬಿಸಿದೆ, ನೀರು ಚೆನ್ನಾಗಿ ಇಳಿಯುತ್ತದೆ. ಕಬ್ಬಿಣದ ಸರಳು ಇರುವ ಕಾಂಕ್ರೀಟ್ ಹತ್ತಿರ ಮಾತ್ರ ಹಾಕಲಿಲ್ಲ, ಉಳಿದ ಉಪ್ಪು ತುಕ್ಕು ಹಿಡಿಸಬಹುದು. ಮನೆಯ ಪಂಚಾಂಗಕ್ಕೂ (ಅಡಿಪಾಯಕ್ಕೂ) ಇದನ್ನೇ ಮಾಡಬಹುದಾ ಅಂತ ಕೆಲವರು ಕೇಳಿದರು. ಅಂಗಳಕ್ಕೆ, ದಾರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ. ಪಂಚಾಂಗಕ್ಕಾದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎಂಜಿನಿಯರ್ ಹತ್ತಿರ ಡಿಸೈನ್ ಮಾಡಿಸಿ.