ನಾಯಿಗೂ ಪಗಾರ ಬೇಕು

ಮನೆಗೆ ಏನಾದರೂ ಒಂದು ಪ್ರಾಣಿ ಬೇಕೇ ಬೇಕು ಎಂದು ಮಗಳು ಹಟ ಹಿಡಿದಾಗ ಅವಳ ಮನಸ್ಸಿನಲ್ಲಿದ್ದದ್ದು ನಾಯಿ ಅಲ್ಲ, ಗಿಳಿ. ನಮ್ಮ ಅಜ್ಜನ ಮನೆಯಲ್ಲಿ ಹಿಂದೆ ಪಂಜರದ ಗಿಳಿ ಇತ್ತು, ಹಾಗಾಗಿ ಅವ್ವನೂ ಹೂಂ ಅಂದಳು. ಆದರೆ ಕೆಂಪು ಕೊಕ್ಕಿನ ನಮ್ಮೂರ ಹಸಿರು ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯದೂ ಅದೇ ಕಥೆ. ಶಾಲೆಯಲ್ಲಿ ಮಕ್ಕಳಿಗೆ ಪರಿಸರ ಪಾಠ ಹೇಳುವ ಮಾಸ್ತರನ ಮನೆಗೆ ಅರಣ್ಯ ಇಲಾಖೆಯವರು ಬಂದು ನಿಲ್ಲುವುದು ಚಂದವಲ್ಲ. ಮೀನು ಅದಕ್ಕೂ ಮೊದಲೇ ಆಗಿಹೋಗಿತ್ತು. ಮಗ ಒಂದು ಭಾನುವಾರ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕ್ಲೋರಿನ್ ವಾಸನೆಯ ನಳದ ನೀರನ್ನು ನೇರವಾಗಿ ತುಂಬಿಸಿದ. ಸಂಜೆಯೊಳಗೆ ಎಲ್ಲವೂ ಮೇಲೆ ತೇಲಿದವು.

ಕೊನೆಗೆ ನಾಯಿ ಎಂದಾಯಿತು. ಮಗನಿಗೆ ನೀಲಿ ಕಣ್ಣಿನ ಹಸ್ಕಿ ಬೇಕು. ಪಕ್ಕದ ಓಣಿಯಲ್ಲಿ ಒಂದು ಹಸ್ಕಿ ಇದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ಜಾತಿ, ಏಪ್ರಿಲ್ ತಿಂಗಳಲ್ಲಿ ಧಾರವಾಡದ ಬಚ್ಚಲಮನೆಯ ಕಲ್ಲಿನ ಮೇಲೆ ನಾಲಿಗೆ ಚಾಚಿ ಬಿದ್ದಿರುತ್ತದೆ. ಅದನ್ನು ತೋರಿಸಿಕೊಂಡು ಬಂದ ಮೇಲೆ ಮಗ ಸುಮ್ಮನಾದ. ನನ್ನ ತಲೆಯಲ್ಲಿದ್ದದ್ದು ಮುಧೋಳ ನಾಯಿ. ನಮ್ಮ ಸೀಮೆಯದೇ ಜಾತಿ, ಮುಧೋಳದ ಘೋರ್ಪಡೆ ರಾಜರು ಬೆಳೆಸಿದ್ದು, ಒಂದು ಜೋಡಿ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆಯಾಗಿ ಹೋಗಿತ್ತು. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿ ತಂದಾಗ ನಾಲ್ಕರಲ್ಲಿ ಒಂದು ಇದೇ. ಇಷ್ಟೆಲ್ಲ ಅಭಿಮಾನ ತುಂಬಿಕೊಂಡು ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಮುಧೋಳ ಕಡೆ ಹೊರಟೆ.

ಅಲ್ಲಿ ತಲೆಮಾರುಗಳಿಂದ ಈ ನಾಯಿ ಸಾಕುತ್ತ ಬಂದ ಒಬ್ಬ ರೈತರ ಹೊಲಕ್ಕೆ ಹೋದೆವು. ಮರಿಗಳನ್ನು ತೋರಿಸುವ ಮೊದಲು ಅವರು ಕೇಳಿದ್ದು ಒಂದೇ: "ಓಡಾಕ ಜಾಗಾ ಐತೇನ್ರಿ ಸರ?" ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಮುಂದೆ ಒಂದು ದಾಸವಾಳದ ಗಿಡ ಎಂದೆ. "ಹಂಗಾರ ಬ್ಯಾಡ್ರಿ. ಇದರ ಕಣ್ಣಿಗೆ ಓಡೂದು ಏನರ ಬಿತ್ತಂದ್ರ ನಿಮ್ಮ ಮಾತು ಕೇಳಂಗಿಲ್ಲ. ಓಣ್ಯಾಗ ಬೆಕ್ಕು, ಆಡಿನ ಮರಿ ಇರ್ತಾವು. ದಿನಾ ಜಗಳ." ಆಮೇಲೆ ಇನ್ನೊಂದು ಮಾತು ಕೇಳಿದರು. "ಹಗಲೆಲ್ಲ ಮನ್ಯಾಗ ಇರಾವ್ರು ಯಾರು?" ನಾನು ಶಾಲೆಗೆ, ಹೆಂಡತಿ ಬ್ಯಾಂಕಿಗೆ, ಮಕ್ಕಳು ಶಾಲೆಗೆ. ಉಳಿಯುವವಳು ಎಪ್ಪತ್ತೆರಡು ವರ್ಷದ, ಮಂಡಿನೋವಿನ ಅವ್ವ. ಆಗ ತಿಳಿಯಿತು, ನಾಯಿ ಯಾರದೇ ಹೆಸರಿನಲ್ಲಿ ಬಂದರೂ ಅದು ಅವ್ವನ ನಾಯಿಯೇ ಆಗುತ್ತದೆ, ಆದ್ದರಿಂದ ಅವ್ವನ ಕಾಲಿಗೆ ಒಗ್ಗುವ ನಾಯಿ ಬೇಕು. ಮಾರಲು ಕೂತವರೇ ಬೇಡ ಎಂದದ್ದಕ್ಕೆ ಈಗಲೂ ಅವರಿಗೆ ಋಣಿ. ಬರುವಾಗ ಗೋಕಾಕದ ಮೇಲೆ ಬಂದೆವು. ನಾಯಿ ತರಲು ಹೋದವರು ಎರಡು ಕಿಲೋ ಕರದಂಟು ತಂದೆವು.

ಮರಿ ಸಿಕ್ಕಿದ್ದು ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ, ನಮ್ಮ ಓಣಿಯಲ್ಲೇ, ಅರ್ಧ ಕಟ್ಟಿದ ಮನೆಯ ಉಸುಕಿನ ಗುಡ್ಡೆಯ ಹಿಂದೆ. ಬೀದಿ ನಾಯಿಯೊಂದು ಐದು ಮರಿ ಹಾಕಿತ್ತು. ಅವಸರ ಮಾಡಲಿಲ್ಲ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಿದ ಮರಿಗೆ ಕಚ್ಚುವುದರ ಹದ ತಿಳಿದಿರುವುದಿಲ್ಲ, ಅದನ್ನು ಕಲಿಸುವುದು ತಾಯಿ ಮತ್ತು ಒಡಹುಟ್ಟಿದವು. ದಿನಾ ಸಂಜೆ ಹೋಗಿ ದೂರ ಕೂತು ನೋಡಿದೆ. ಒಂದು ಮರಿ ಎಲ್ಲವನ್ನೂ ತಳ್ಳಿ ಮುಂದೆ ಬರುತ್ತಿತ್ತು, ಒಂದು ಇಟ್ಟಿಗೆಯ ಸಂದಿನಿಂದ ಹೊರಗೇ ಬರುತ್ತಿರಲಿಲ್ಲ. ಒಂದು ದಿನ ಕೀಲಿಕೈ ಗೊಂಚಲನ್ನು ಕಲ್ಲಿನ ಮೇಲೆ ಬೀಳಿಸಿದೆ. ಎಲ್ಲವೂ ಹಾರಿಬಿದ್ದವು. ಕಂದು ಬಣ್ಣದ ಹೆಣ್ಣು ಮರಿಯೊಂದು ನಾಲ್ಕು ಹೆಜ್ಜೆ ಹಿಂದೆ ಓಡಿ, ನಿಂತು, ತಿರುಗಿ ಬಂದು ಕೀಲಿಕೈ ಮೂಸಿತು. ಅದನ್ನೇ ತಂದೆವು. ಹೆಣ್ಣು ಯಾಕೆ ಎಂದು ಓಣಿಯವರೆಲ್ಲ ಕೇಳಿದರು. ಆರು ತಿಂಗಳು ದಾಟಿದ ಮೇಲೆ ಆಪರೇಷನ್ ಮಾಡಿಸಿದರೆ ಆ ಚಿಂತೆ ಮುಗಿಯಿತು. ಬಣ್ಣ ನೋಡಿ ಮಗಳು ಕರದಂಟು ಎಂದು ಹೆಸರಿಟ್ಟಳು, ಎರಡೇ ದಿನದಲ್ಲಿ ಅದು ಅಂಟು ಆಯಿತು. ಕಾಲಿಗೆ ಅಂಟಿಕೊಂಡೇ ಇರುತ್ತಿತ್ತು, ಹೆಸರು ಸರಿಯಾಗಿಯೇ ಇತ್ತು.

"ನಾಯಿ ಒಳಗ ಬಂದ್ರ ನಾ ಹೊರಗ ಹೋಗ್ತೀನಿ," ಅಂದಳು ಅವ್ವ.

ಮೊದಲ ತಿಂಗಳು ನಾನು ಮಾಡಿದ್ದು ಬರೀ ತಪ್ಪು. ನಾನು ಕಲಿತದ್ದು ಛಡಿ ಛಂ ಛಂ ವಿದ್ಯಾ ಘಂ ಘಂ ಎನ್ನುವ ಕಾಲದಲ್ಲಿ. ಅಂಟು ಒಂದು ದಿನ ಅವ್ವನ ಕೌದಿಯ ಮೇಲೆ ಉಚ್ಚೆ ಹೊಯ್ದಾಗ ಪೇಪರ್ ಸುರುಳಿ ಮಾಡಿ ಎರಡು ಬಾರಿಸಿದೆ. ಮರುದಿನದಿಂದ ಕೌದಿ ಒಣಗಿಯೇ ಇತ್ತು, ನಾನೂ ಬೀಗಿದೆ. ವಾರದ ಮೇಲೆ ಕಬ್ಬಿಣದ ಕಪಾಟಿನ ಹಿಂದಿನಿಂದ ವಾಸನೆ ಬರತೊಡಗಿತು. ಪೆಟ್ಟಿನಿಂದ ಅದು ಕಲಿತದ್ದು ಮನೆಯೊಳಗೆ ಹೊಯ್ಯಬಾರದು ಎಂದಲ್ಲ, ಈ ಮನುಷ್ಯನ ಎದುರಿಗೆ ಹೊಯ್ಯಬಾರದು ಎಂದು. ಹೊರಗೆ ಕರೆದುಕೊಂಡು ಹೋದರೂ ನನ್ನ ಮುಂದೆ ಬಿಗಿ ಹಿಡಿದು ನಿಲ್ಲುತ್ತಿತ್ತು, ಮನೆಗೆ ಬಂದ ಕೂಡಲೇ ಕಪಾಟಿನ ಹಿಂದೆ ಓಡುತ್ತಿತ್ತು.

ಲಸಿಕೆ ಹಾಕಿಸಲು ಹೋದಾಗ ಪಶುವೈದ್ಯರ ಮುಂದೆ ಇದನ್ನು ಹೇಳಿಕೊಂಡೆ. ಅವರು ನಕ್ಕು, "ಮಾಸ್ತರ, ನಿಮಗ ತಿಂಗಳ ಕೊನೀಗೆ ಪಗಾರ ಬರಲಿಲ್ಲಂದ್ರ ಸಾಲಿಗೆ ಹೋಗ್ತೀರೇನು?" ಎಂದರು. ಆ ಮಾತನ್ನು ನಾನು ಅಲ್ಲಿಂದ ಮುಂದಕ್ಕೆ ಎಲ್ಲದಕ್ಕೂ ಹಚ್ಚಿ ನೋಡಿದೆ. ಯಾವ ಕೆಲಸಕ್ಕೆ ಪಗಾರ ಸಿಗುತ್ತದೋ ನಾಯಿ ಆ ಕೆಲಸ ಮಾಡುತ್ತದೆ. ಗೊತ್ತಿಲ್ಲದೆ ನಾವೇ ಯಾವ್ಯಾವುದಕ್ಕೋ ಪಗಾರ ಕೊಡುತ್ತಿದ್ದೆವು.

ಉಚ್ಚೆಯ ವಿಷಯ ಹೀಗೆ ಸರಿಹೋಯಿತು. ಮಲಗಿ ಎದ್ದ ಕೂಡಲೇ, ಉಂಡ ಹತ್ತು-ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ ಹಿತ್ತಲಿಗೆ ಒಯ್ಯುವುದು. ಎರಡು ತಿಂಗಳ ಮರಿ ಎರಡು-ಮೂರು ತಾಸಿಗಿಂತ ಹೆಚ್ಚು ತಡೆಯಲಾರದು, ರಾತ್ರಿ ಎರಡು ಗಂಟೆಗೂ ಅಲಾರಂ ಇಟ್ಟು ಎದ್ದೆ. ಹೊರಗೆ ಹೊಯ್ದು ಮುಗಿಸಿದ ಕ್ಷಣಕ್ಕೆ, ಅಲ್ಲೇ, 'ಶಾಬಾಶ್' ಎಂದು ಕಡಲೆಕಾಳಿನಷ್ಟು ರೊಟ್ಟಿ ಚೂರು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಪಗಾರ ಕೊಟ್ಟಂತೆ. ಒಳಗೆ ತಪ್ಪಾದರೆ ಬೈಗುಳವಿಲ್ಲ, ಸುಮ್ಮನೆ ಒರೆಸಿ ವಿನೆಗರ್ ಹಾಕಿದ ನೀರಿನಿಂದ ತೊಳೆಯುವುದು. ಫಿನಾಯಿಲ್ ವಾಸನೆ ನಮ್ಮ ಮೂಗನ್ನು ಮಾತ್ರ ಮೋಸಗೊಳಿಸುತ್ತದೆ, ಅದರ ಮೂಗನ್ನಲ್ಲ. ನನ್ನ ಮೇಲಿನ ಭಯ ಹೋಗಲು ಮಾತ್ರ ಎರಡು ತಿಂಗಳು ಹಿಡಿಯಿತು. ಎರಡು ಪೆಟ್ಟಿಗೆ ಎರಡು ತಿಂಗಳು.

ಕಚ್ಚುವುದರಲ್ಲೂ ಇದೇ. ಮಕ್ಕಳ ಪೈಜಾಮದ ಅಂಚು ಹಿಡಿದು ಎಳೆಯುವುದು, ಅವರು ಕಿರುಚಿ ಓಡುವುದು, ಇದು ಬೆನ್ನಟ್ಟುವುದು. ಕಿರುಚಾಟವೇ ಅದರ ಪಗಾರ. ಒಂದು ಸಂಜೆ ಮಗನ ಮುಂಗೈಗೆ ಹಲ್ಲು ನೆಟ್ಟು ರಕ್ತ ಬಂತು. ಮರಿ ಅಲ್ಲವೇ, ಏನಾಗುತ್ತದೆ ಎಂದರು ಕೆಲವರು. ಬೀದಿ ತಾಯಿಯ ಮರಿ, ಇನ್ನೂ ಮೂರು ತಿಂಗಳಾಗಿರಲಿಲ್ಲವಾದ್ದರಿಂದ ರೇಬಿಸ್ ಲಸಿಕೆಯೂ ಆಗಿರಲಿಲ್ಲ. ನಳದ ಕೆಳಗೆ ಸಾಬೂನು ಹಚ್ಚಿ ಗಡಿಯಾರ ನೋಡಿ 15 ನಿಮಿಷ ಕೈ ತೊಳೆಸಿದೆ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಇಂಜೆಕ್ಷನ್. ಅರಿಶಿನ, ಸುಣ್ಣ, ಕಾರಪುಡಿ ಹಚ್ಚುವ ವಿಷಯದಲ್ಲಿ ನನ್ನ ಬಳಿ ಯಾರೂ ವಾದ ಮಾಡಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಲೆಕ್ಕ.

ಅಂದಿನಿಂದ ಮನೆಯಲ್ಲಿ ಒಂದು ನಿಯಮ: ಹಲ್ಲು ತಾಗಿತೋ, ಆಟ ಬಂದ್. ಕಿರುಚಬೇಡ, ತಳ್ಳಬೇಡ, ಕೈ ಕಟ್ಟಿ ಎದ್ದು ಹೋಗು. ಅರ್ಧ ನಿಮಿಷ ಬಿಟ್ಟು ಮತ್ತೆ ಬಾ. ಅಗಿಯಲು ಒದ್ದೆ ಬಟ್ಟೆಯನ್ನು ತಿರುವಿ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದೆವು, ಹಾಲುಹಲ್ಲು ಬೀಳುವ ನಾಲ್ಕರಿಂದ ಆರು ತಿಂಗಳ ನಡುವೆ ಒಸಡಿಗೆ ಹಾಯೆನಿಸುತ್ತದೆ. ಬಿದ್ದ ಒಂದು ಹಲ್ಲನ್ನು ಮಗಳು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ, ಅಕ್ಕಿಕಾಳಿನಷ್ಟಿದೆ.

ಲಸಿಕೆ ಪೂರ್ತಿಯಾಗುವವರೆಗೆ ಬೀದಿಯಲ್ಲಿ ಇಳಿಸಬಾರದು, ಪಾರ್ವೊ ಎಂಬ ವಾಂತಿ-ಭೇದಿಯ ರೋಗ ಬಂದರೆ ಮರಿ ಎರಡು-ಮೂರು ದಿನದಲ್ಲಿ ಕೈಬಿಡುತ್ತದೆ. ಆದರೆ ಲೋಕ ತೋರಿಸಲು ಹದಿನಾಲ್ಕು ವಾರದೊಳಗಿನ ವಯಸ್ಸೇ ಹದವಾದದ್ದು. ಆಗ ಕಾಣದ್ದಕ್ಕೆಲ್ಲ ಆಮೇಲೆ ಅಂಜುತ್ತದೆ. ಇದಕ್ಕೆ ನಮ್ಮ ಉಪಾಯ ಸಂತೆ ಚೀಲ. ಹೆಂಡತಿ ಸ್ಕೂಟರಿನ ಹಿಂದೆ ಕೂತು ಚೀಲದಲ್ಲಿ ಅದನ್ನು ಹಿಡಿದುಕೊಳ್ಳುವಳು, ತಲೆ ಮಾತ್ರ ಹೊರಗೆ. ಜುಬಿಲಿ ಸರ್ಕಲ್ಲಿನ ಬಸ್ಸು, ಸುಭಾಸ ರೋಡಿನ ಗದ್ದಲ, ಬ್ಯಾಂಡು, ದನ, ಬುರ್ಖಾ, ಹೆಲ್ಮೆಟ್ಟು ಎಲ್ಲ ನೋಡಿತು. ಒಂದೊಂದು ಹೊಸದು ಕಂಡಾಗಲೂ ಒಂದು ಚೂರು ಬಾಯಿಗೆ. ಇವತ್ತು ಕುಕ್ಕರ್ ಸೀಟಿಗೂ ಕಿವಿ ಅಲ್ಲಾಡಿಸುವುದಿಲ್ಲ. ದೀಪಾವಳಿಗೆ ಮಾತ್ರ ಈ ವಿದ್ಯೆ ಅರ್ಧ ಕೆಲಸ ಮಾಡಿತು. ತಿಂಗಳ ಮೊದಲೇ ಫೋನಿನಲ್ಲಿ ಪಟಾಕಿ ಸದ್ದನ್ನು ಸಣ್ಣಗೆ ಹಾಕಿ ಊಟಕ್ಕಿಡುತ್ತಿದ್ದೆ, ಆದರೂ ಮೊದಲ ಆಟಂಬಾಂಬಿಗೆ ಮಂಚದ ಕೆಳಗೆ ಸೇರಿತು. ಒಳಕೋಣೆಯಲ್ಲಿ ಫ್ಯಾನು ಜೋರು ಮಾಡಿ ಪಕ್ಕ ಕೂತೆ.

ಇನ್ನು ಮಾತು ಕಲಿಸಿದ್ದು. ಮೊದಲು 'ಕುಂದ್ರು'. ಚೂರನ್ನು ಅದರ ಮೂಗಿನ ತುದಿಗೆ ಹಿಡಿದು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ದೆ. ಮೂಗು ಮೇಲೆದ್ದಂತೆ ಹಿಂಭಾಗ ತಾನಾಗಿ ನೆಲಕ್ಕೆ ಇಳಿಯಿತು. ಕುಂಡಿ ನೆಲ ಮುಟ್ಟಿದ ಆ ಕ್ಷಣಕ್ಕೆ ಶಾಬಾಶ್, ಚೂರು. ಬೆನ್ನು ಒತ್ತಿ ಕೂರಿಸಬಾರದು. ಎರಡು-ಮೂರು ನಿಮಿಷದ ಪಾಠ, ದಿನಕ್ಕೆ ನಾಲ್ಕು ಸಲ. ಮೂರನೇ ದಿನಕ್ಕೆ ಚೂರಿಲ್ಲದ ಬರಿಗೈ ಎತ್ತಿದರೂ ಕೂತಿತು, ಆಮೇಲಷ್ಟೇ ಶಬ್ದ ಸೇರಿಸಿದೆ.

ತೊಡಕಾದದ್ದು 'ಬಾ'. ನನ್ನ ಹೆಂಡತಿ ಬಾ ಎನ್ನುವಳು, ಮಗ ಕಮ್ ಎನ್ನುವನು, ಅವ್ವ ಚಪ್ಪಲಿ ಕಚ್ಚಿದಾಗಲೆಲ್ಲ "ಬ್ಯಾಡ, ಬ್ಯಾಡ" ಎಂದು ಕೂಗುವಳು. ಅಂಟು ಚಪ್ಪಲಿ ಬಾಯಲ್ಲಿ ಹಿಡಿದುಕೊಂಡೇ ಬಾಲ ಅಲ್ಲಾಡಿಸುತ್ತ ಅವ್ವನ ಹತ್ತಿರ ಓಡಿಬರುವುದು. ಹೇಳಿದ್ದು ಬಾ, ಬಂದೆನಲ್ಲ ಎನ್ನುವ ಮುಖ. ಒಂದು ರಾತ್ರಿ ಕೂತು ಮನೆಯ ಶಬ್ದಕೋಶ ಬರೆದೆವು. ಕರೆಯಲು 'ಇತ್ತ', ಬಾಯಲ್ಲಿದ್ದದ್ದು ಉಗುಳಲು 'ಕೊಡು', ಬಾಗಿಲಲ್ಲಿ ತಡೆಯಲು 'ತಡಿ'. ಐವರೂ ಇದನ್ನೇ ಹೇಳಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಆ ಚೀಟಿ ಇನ್ನೂ ಇದೆ. 'ಇತ್ತ' ಎಂದು ಕರೆದು ಬೈಯುವುದು, ಜಳಕ ಮಾಡಿಸುವುದು ಮಾಡಬಾರದು. ಅದಕ್ಕೆಲ್ಲ ನಾವೇ ಎದ್ದು ಹೋಗಿ ಹಿಡಿಯಬೇಕು.

'ಇತ್ತ' ಎಂಬುದಕ್ಕೆ ರೊಟ್ಟಿ ಸಾಲದು, ಮೇಲಿನ ದರ್ಜೆಯ ಪಗಾರ ಬೇಕು: ಬೇಯಿಸಿದ ತತ್ತಿ. ನಮ್ಮದು ಸಸ್ಯಾಹಾರಿ ಮನೆ, ಅವ್ವನ ಒಲೆ ಹತ್ತಿರ ತತ್ತಿ ಸುಳಿಯುವಂತಿಲ್ಲ. ಮಾಳಿಗೆಯ ಮೇಲೆ ಎಲೆಕ್ಟ್ರಿಕ್ ಕೆಟಲ್ಲಿನಲ್ಲಿ ಕದ್ದು ಬೇಯಿಸುತ್ತೇನೆ. ಮನೆಯಲ್ಲಿ ಉಳಿದದ್ದನ್ನೆಲ್ಲ ನಾಯಿಗೆ ಹಾಕುವ ಪದ್ಧತಿಯನ್ನೂ ನಿಲ್ಲಿಸಿದೆವು. ಪಲ್ಯದ ಉಳ್ಳಾಗಡ್ಡಿ ಅದಕ್ಕೆ ವಿಷ, ಚಾಕೊಲೇಟೂ ವಿಷ. ವಿಜಯಪುರದ ಒಣದ್ರಾಕ್ಷಿಯನ್ನು ಪ್ರೀತಿಯಿಂದ ಕೊಟ್ಟರೂ ಮೂತ್ರಪಿಂಡ ಕೆಡಬಹುದು.

ಮೂರು ವಾರವಾದ ಮೇಲೆ ಪ್ರತಿ ಸಲ ಕೊಡುವುದನ್ನು ಬಿಟ್ಟೆ. ಒಮ್ಮೆ ಕೊಡು, ಎರಡು ಸಲ ಬರೀ ಶಾಬಾಶ್, ಮತ್ತೊಮ್ಮೆ ಒಟ್ಟಿಗೆ ಮೂರು ಚೂರು. ಓಸಿ ಎಂಬ ಮಟಕಾ ಜೂಜು ಆಡುವವರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ದಿನಾ ಹತ್ತಿದರೆ ಯಾರೂ ಹುಚ್ಚರಂತೆ ಆಡುವುದಿಲ್ಲ, ಯಾವಾಗ ಹತ್ತುತ್ತದೋ ಗೊತ್ತಿಲ್ಲದ್ದರಿಂದಲೇ ಆಡುತ್ತಾರೆ.

ಹಗ್ಗ ಎಳೆಯುವ ಚಟಕ್ಕೆ ಔಷಧ ಒಂದೇ, ಎಳೆದ ಕೂಡಲೇ ಕಂಬದಂತೆ ನಿಲ್ಲುವುದು. ಹಗ್ಗ ಸಡಿಲಾದರೆ ಮುಂದಿನ ಹೆಜ್ಜೆ. ಮೊದಲ ದಿನ ನೂರು ಮೀಟರ್ ದೂರದ ಕಿರಾಣಿ ಅಂಗಡಿ ಮುಟ್ಟಲು ನಲವತ್ತು ನಿಮಿಷವಾಯಿತು. ಅಂಗಡಿಯವರು ನನಗೆ ಕಾಲುನೋವೇನೋ ಎಂದು ಸ್ಟೂಲು ಹಾಕಿಕೊಟ್ಟರು.

ನಾನು ಸೋತದ್ದು ಊಟದ ಹೊತ್ತಿನಲ್ಲಿ. ನಾವು ನೆಲಕ್ಕೆ ಕೂತು ಉಣ್ಣುವವರು, ತಾಟುಗಳು ಸರಿಯಾಗಿ ನಾಯಿಯ ಮೂಗಿನ ಎತ್ತರಕ್ಕೆ. ಎಷ್ಟು ಕಲಿಸಿದರೂ ಬಂದು ತಾಟಿನ ಪಕ್ಕ ಕುಂಯ್‌ಗುಟ್ಟುವುದು. ಕೊನೆಗೆ ಕಂಡುಹಿಡಿದೆ, ಒಳಗೆ ಬಂದರೆ ಹೊರಗೆ ಹೋಗುತ್ತೇನೆ ಎಂದಿದ್ದ ಅವ್ವನೇ ಸೆರಗಿನ ಮರೆಯಲ್ಲಿ ರೊಟ್ಟಿ ಮುರಿದು ಹಾಕುತ್ತಿದ್ದಳು. "ಅಕಿ ಹಂಗ ನೋಡಿದ್ರ ನನಗ ತುತ್ತು ಇಳಿಯೂದಿಲ್ಲ." ಅವ್ವನಿಗೆ ಬೇಡ ಎನ್ನುವುದು ನನ್ನಿಂದ ಆಗದ ಕೆಲಸ. ಹಾಗಾಗಿ ರೊಟ್ಟಿ ನಿಲ್ಲಿಸಲಿಲ್ಲ, ಜಾಗ ಬದಲಿಸಿದೆ. ಮೂಲೆಯಲ್ಲಿ ಒಂದು ಗೋಣಿತಟ್ಟು ಹಾಸಿ, ಅಂಟು ಅದರ ಮೇಲೆ ಮಲಗಿದ್ದಾಗ ಮಾತ್ರ ಹಾಕು, ಎದ್ದು ಬಂದರೆ ತಾಟು ಮೇಲೆತ್ತು ಎಂದು ಅವ್ವನಿಗೆ ಹೇಳಿದೆ. ಅವ್ವ ಇದನ್ನು ನನಗಿಂತ ಕಟ್ಟುನಿಟ್ಟಾಗಿ ನಡೆಸಿದಳು. ಹದಿನೈದು ದಿನ ಆಗಿರಲಿಲ್ಲ, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಪಟಪಟ ಸದ್ದು ಶುರುವಾದರೆ ಸಾಕು, ಅಂಟು ಎಲ್ಲಿದ್ದರೂ ಎದ್ದು ಹೋಗಿ ಗೋಣಿತಟ್ಟಿನ ಮೇಲೆ ಮುಂಗಾಲು ಜೋಡಿಸಿ ಮಲಗತೊಡಗಿತು.

ಈಗ ಉಳಿದಿರುವ ತಂಟೆ ಗ್ಯಾಸ್ ಸಿಲಿಂಡರಿನದು. ತರುವವನು ಗೇಟು ಬಡಿಯುತ್ತಾನೆ, ಅಂಟು ಬೊಗಳುತ್ತದೆ, ಅವನು ಸಿಲಿಂಡರ್ ಇಳಿಸಿ ಹೋಗುತ್ತಾನೆ. ಅದರ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೇ ಅವನು ಓಡಿಹೋದದ್ದು. ಪ್ರತಿ ಸಲವೂ ಪೂರಾ ಪಗಾರ, ಬಿಡುವುದಾದರೂ ಹೇಗೆ? ಹೋದ ತಿಂಗಳು ಅವನ ಕೈಗೆ ತತ್ತಿಯ ಚೂರಿಟ್ಟು, ಗೇಟಿನ ಆಚೆಯಿಂದಲೇ ಒಂದೊಂದಾಗಿ ಹಾಕಪಾ, ಬಂದವರಿಂದ ಒಳ್ಳೆಯದಾಗುತ್ತದೆ ಎಂದು ತಿಳಿಯಲಿ ಎಂದೆ. ಅವನು ಚೂರನ್ನೂ ಅಂಟುವನ್ನೂ ನನ್ನನ್ನೂ ನೋಡಿದ.

"ಅಕೀಗೆ ಬೊಗಳಾಕ ಪಗಾರ, ಸುಮ್ಮನಿರಾಕ ಪಗಾರ," ಅಂದ. "ಅಂಜಿ ನಿಂತಾವ ನಾ. ನನಗೇನ ಕೊಡ್ತೀರಿ ಸರ?"