ತುರ್ತು ಬೆಲ್ ಹೊಡೆದಾಗ ಆಡುವ ಮೊದಲ ಮಾತು ಈಗಲೇ ಬರೆದಿಡಿ

ಶಾಲೆಯಲ್ಲಿ ಕೆಲಸ ಮಾಡುವವರೆಲ್ಲ ಇದನ್ನು ಮಾಡಿ ನೋಡಿ. ತುರ್ತು ಬೆಲ್ ಹೊಡೆದ ಕೂಡಲೇ ಮಕ್ಕಳಿಗೆ ಹೇಳುವ ಮೊದಲ ಮಾತನ್ನು ಬರೆದು ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸಿ. "ಎಲ್ಲರೂ ಎದ್ದು ನಿಲ್ಲಿ, ಬ್ಯಾಗ್ ಬೇಡ, ಸಾಲಾಗಿ ನನ್ನ ಹಿಂದೆ ಬನ್ನಿ." ಇಷ್ಟು ಸಾಕು. ವಾರಕ್ಕೊಮ್ಮೆ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಹೇಳುವ ಮುಂಚೆ ಒಂದು ಸಲ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಿ. ಗಾಬರಿಯಲ್ಲಿ ಹೊಸದಾಗಿ ಯೋಚಿಸುವುದು ಕಷ್ಟ, ಬಾಯಿಪಾಠ ಆಗಿರುವುದು ತಾನಾಗೇ ಬರುತ್ತದೆ. ಉಸಿರು ಬಿಟ್ಟು ಮಾತಾಡಿದರೆ ದನಿಯ ನಡುಕ ಕಡಿಮೆಯಾಗುತ್ತದೆ. ಮಕ್ಕಳು ಬೆಲ್‌ಗಿಂತ ಜಾಸ್ತಿ ಟೀಚರ್ ಮುಖ ನೋಡಿ ಹೆದರುತ್ತಾರೆ, ಅಲ್ವಾ? 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಿತ್ತು. ಅದು ಹುಸಿ ಅಂತ ಗೊತ್ತಾದದ್ದು ಆಮೇಲೆ. ಮಕ್ಕಳನ್ನು ಹೊರಗೆ ಕರೆತರುವ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. "ಏನೂ ಆಗಿಲ್ಲ" ಅಂತ ಮಾತ್ರ ಸುಮ್ನೆ ಹೇಳಬೇಡಿ, ಮಕ್ಕಳು ನಂಬುವುದಿಲ್ಲ.

ಒಂದೇ ಮಾತು ಎಲ್ಲಕ್ಕೂ ಆಗುವುದಿಲ್ಲ. ಭೂಮಿ ನಡುಗಿದರೆ ಮೊದಲು ಡೆಸ್ಕ್ ಕೆಳಗೆ ಹೋಗಬೇಕು, ಸಾಲು ಆಮೇಲೆ. ಅದಕ್ಕೆ ಬೇರೆ ಚೀಟಿ ಬೇಕು. ಕಿವಿ ಕೇಳದ ಮಗು ಇದ್ದರೆ ಕೈಸನ್ನೆಯನ್ನೂ ಕಲಿಸಿಡಿ. ಬಿಸಿಯೂಟದ ಅಡುಗೆಯವರಿಗೆ, ಆಯಾಗಳಿಗೆ ಅವರವರ ಮಾತು ಬರೆದುಕೊಡಿ, ಅವರನ್ನೇ ನಾವು ಮರೆಯುವುದು. ಘಟನೆ ಆದಮೇಲೆ ನಿದ್ದೆ ಬರದಿದ್ದರೆ, ಅದೇ ಕಣ್ಣಮುಂದೆ ಬರುತ್ತಿದ್ದರೆ ಈ ಚೀಟಿ ಉಪಯೋಗಕ್ಕೆ ಬರುವುದಿಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.